ಅರ್ಥ ಹೇಳುವ ಸರದಿ

ಚಪ್ಪಲಿ ನೆರೆಮನೆಯ ಕಾಂತಿಯದು, ಅರ್ಧ ಬೆರಳಿನಷ್ಟು ದೊಡ್ಡದು. ಬಸ್ಸು ಪಾಣೆಮಂಗಳೂರಿನ ಸೇತುವೆಗೆ ಹೊರಳಿ ಮೈಯೆಲ್ಲ ಅದುರತೊಡಗಿದಾಗ ಜಲಜಾಕ್ಷಿ ಕಾಲ್ಬೆರಳುಗಳನ್ನು ಒಳಕ್ಕೆ ಮಡಚಿ ಅದನ್ನು ಹಿಡಿದುಕೊಂಡಳು. ಕೆಳಗೆ ಬೇಸಿಗೆಯ ನೇತ್ರಾವತಿ ಮರಳಿನ ನಡುವೆ ಎರಡು ಸೀಳಾಗಿ ಹರಿಯುತ್ತಿತ್ತು. ಅದನ್ನು ನೋಡಬೇಕೆಂದು ಅವಳು ತಲೆ ತಿರುಗಿಸಿದ್ದಲ್ಲ. ಹಿಂದಿನ ಸೀಟಿನಿಂದ ಬರುತ್ತಿದ್ದ ಚಿನ್ನಯ್ಯ ಮಾವನ ಸ್ವರಕ್ಕೆ ಮುಖ ತಪ್ಪಿಸಲಿಕ್ಕೆ. ಮಾವ ಅವಳ ತಾಯಿಯ ಅಣ್ಣ, ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅವರ ಅಳಿಯಸಂತಾನದ ಮನೆಗೆ ಯಜಮಾನ. ಅವರಿಗೆ ಸಣ್ಣ ಸ್ವರದಲ್ಲಿ ಮಾತಾಡಿ ಗೊತ್ತಿಲ್ಲ. “ಇಂಟರ್‌ವ್ಯೂ ಉಂಟು ಮಾರಾಯ, ನನ್ನ ತಂಗಿಯ ಮಗಳಿಗೆ. ಮೂಡುಬಿದಿರೆಯ ಶಾಲೆಯಲ್ಲಿ,” ಎಂದು ಅವರು ಕಂಡಕ್ಟರಿಗೆ ಹೇಳಿದ್ದು ಇಡೀ ಬಸ್ಸಿಗೆ ಕೇಳಿತು. “ಹಾಗಾದರೆ ಟೀಚರಮ್ಮ ಅಂತ ಈಗಲೇ ಕರೀಲಾ, ಬರುವಾಗ ಕರೀಲಾ?” ಎಂದ ಕಂಡಕ್ಟರು. “ಈಗಲೇ ಕರಿ. ಬರುವಾಗಿನ ಬಸ್ಸಿನಲ್ಲಿ ನೀನು ಇರ್ತೀಯೋ ಇಲ್ಲವೋ.” ನಾಲ್ಕು ಜನ ನಕ್ಕರು. ಒಬ್ಬ ಮುದುಕಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ ಚಪ್ಪಲಿಯಲ್ಲಿ ಕಣ್ಣು ನಿಲ್ಲಿಸಿದಳು. ಅಥವಾ ಹಾಗೆಂದು ಜಲಜಾಕ್ಷಿಗೆ ಅನಿಸಿತು. ಕಳೆದ ವರ್ಷ ಬೆಳ್ತಂಗಡಿಯ ಕಚೇರಿಯಲ್ಲಿ ಇಂಥದೇ ಇಂಟರ್‌ವ್ಯೂವಿನಲ್ಲಿ ಒಬ್ಬರು ಬಹಳ ದಯೆಯಿಂದಲೇ ಕೇಳಿದ್ದರು: “ಮಕ್ಕಳಿಗೆ ಹೊಡೆಯಬೇಕೋ ಬೇಡವೋ, ನಿಮಗೆ ಹೇಗೆ ಕಾಣ್ತದೆ?” ಅವಳಿಗೆ ಹೇಗೂ ಕಂಡಿರಲಿಲ್ಲ. ತನಗೆ ಹೇಗೆ ಕಾಣುತ್ತದೆಂದು ಅದುವರೆಗೆ ಯಾರೂ ಕೇಳಿರಲಿಲ್ಲವಾಗಿ ನೋಡುವ ಅಭ್ಯಾಸವೇ ಇರಲಿಲ್ಲ. ಅವರು ಕಾದರು. ಗೋಡೆಯ ಗಡಿಯಾರ ಕಾಯಲಿಲ್ಲ. ಕೊನೆಗೆ, “ಆಯಿತಮ್ಮ, ಹೋಗಿ,” ಅಂದರು. ಆ ‘ಅಮ್ಮ’ ಎಂಬುದರಲ್ಲಿದ್ದ ಮರುಕ ಇಂದಿಗೂ ಅನ್ನ ಕಲಸುವಾಗ ಹಠಾತ್ತನೆ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು.

ಈ ಸಲವೂ ಆಗದಿದ್ದರೆ ಮಡಂತ್ಯಾರಿನ ಸಂಬಂಧಕ್ಕೆ ಹೂಂ ಎನ್ನುವುದೆಂದು ಮನೆಯಲ್ಲಿ ಮಾತಾಗಿತ್ತು. ಅಲ್ಲಿಯ ಹೋಟೆಲಿನ ಭೋಜ ಒಳ್ಳೆಯವನೇ. ಕುಡಿಯುವುದಿಲ್ಲ, ಸ್ವರ ಎತ್ತುವುದಿಲ್ಲ, ಹೆಣ್ಣು ನೋಡಲು ಬಂದಾಗ ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತಿದ್ದ. ಅವನಲ್ಲಿ ಹೇಳಿಕೊಳ್ಳುವಂಥ ಒಂದು ದೋಷವಾದರೂ ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅಮ್ಮ ಇಂದು ಬೆಳಿಗ್ಗೆ ಅಂಗಳದವರೆಗೆ ಬಂದು, “ಬಾಯಿ ಬಿಟ್ಟು ಮಾತಾಡು ಮಗಾ,” ಎಂದಿದ್ದಳು. ಬೇರೇನೂ ಹೇಳಲಿಲ್ಲ.

ಒಂದು ತಿಂಗಳಿನಿಂದ ಮಾವನೇ ಅವಳನ್ನು ತಯಾರು ಮಾಡಿದ್ದರು. ಯಾರು ಯಾರನ್ನೋ ಕಂಡು ಏನೇನು ಕೇಳುತ್ತಾರೆಂದು ವಿಚಾರಿಸಿ ಬಂದು, ಮನೆಯ ಮುಂಭಾಗದ ಚಾವಡಿಯಲ್ಲಿ ಚಾಪೆ ಹಾಸಿ ಕೂರಿಸಿ, ಪ್ರಶ್ನೆ ಕೇಳುವುದು. ಉತ್ತರ ಬಾಯಿಗೆ ಬರಬೇಕಾದರೆ ರಾಗ ಬೇಕು ಎಂಬುದು ಅವರ ನಂಬಿಕೆ. ಮೈಸೂರು ರಾಜ್ಯದ ಹತ್ತೊಂಬತ್ತು ಜಿಲ್ಲೆಗಳನ್ನು ಅವರು ಷಟ್ಪದಿಯ ಧಾಟಿಗೆ ಕೂರಿಸಿದ್ದರು. ಬೀದರ, ಬಿಜಾಪುರ ಮೊದಲಿಗೆ ಬಂದು, ಬಳ್ಳಾರಿಯಲ್ಲಿ ಸ್ವರ ಮೇಲೇರಿ, ದಕ್ಷಿಣ ಕನ್ನಡದಲ್ಲಿ ಇಳಿದು ಮುಗಿಯುತ್ತಿತ್ತು. ಈಗ ರಾಗವಿಲ್ಲದೆ ಅವು ನೆನಪಿಗೆ ಬರುತ್ತಲೇ ಇರಲಿಲ್ಲ. ಚೀನದ ಯುದ್ಧ, ಪಂಚವಾರ್ಷಿಕ ಯೋಜನೆ, ಮಕ್ಕಳ ಮನಶ್ಶಾಸ್ತ್ರ ಎಲ್ಲಕ್ಕೂ ಮಾವನ ಸ್ವರವೇ ಅಂಟಿಕೊಂಡಿತ್ತು. ಬಂಟ್ವಾಳದ ಪೇಟೆ ದಾಟುವಾಗ ಅವಳು ಒಂದೊಂದನ್ನೂ ಒಳಗೇ ಹೇಳಿಕೊಂಡು ನೋಡಿದಳು. ಎಲ್ಲ ಉಂಟು. ಆದರೆ ಒಳಗೆ ಹೇಳುತ್ತಿರುವವರು ಮಾವ.

ಹಾಗೆ ಆಗದೆ ಇನ್ನು ಹೇಗೆ? ಹತ್ತನೆಯ ವಯಸ್ಸಿನಿಂದ ಅವಳು ಆ ಸ್ವರದ ಪಕ್ಕದಲ್ಲಿ ಕೂತವಳು. ಮಳೆಗಾಲದ ಆಟಿ ತಿಂಗಳು ಬಂದು ಗದ್ದೆಯ ಕೆಲಸ ನಿಂತಿತೆಂದರೆ ಅವರ ಚಾವಡಿಯಲ್ಲಿ ದೀಪ ಹಚ್ಚಿದ ಮೇಲೆ ಪುರಾಣ ಓದುವ ಕ್ರಮ. ಓದುವವರು ಒಬ್ಬರು, ಅರ್ಥ ಹೇಳುವವರು ಒಬ್ಬರು. ಓದುವವರು ಪದ್ಯವನ್ನು ರಾಗವಾಗಿ ಹೇಳಿ, ಕೊನೆಯ ಸಾಲನ್ನು ಮತ್ತೊಮ್ಮೆ ಸ್ವರ ತಗ್ಗಿಸಿ ಹೇಳಿ ನಿಲ್ಲಿಸಬೇಕು, ಅದು ಸೂಚನೆ. ಆಮೇಲೆ ಅರ್ಥದವರ ಸರದಿ. ಮೊದಲು ಎರಡನ್ನೂ ಮಾವನೇ ಮಾಡುತ್ತಿದ್ದರಂತೆ. ಕಣ್ಣು ಮಂಜಾದ ಮೇಲೆ ಪುಸ್ತಕ ಅವಳ ಎದುರಿಗೆ ಬಂತು. ಹುಡುಗಿ ಓದುವುದೋ ಎಂದು ಅಂದವರಿಗೆ ಮಾವ, “ದೇವರ ಪದ್ಯಕ್ಕೆ ಗಂಡು ಸ್ವರ, ಹೆಣ್ಣು ಸ್ವರ ಉಂಟಾ?” ಎಂದು ಬಾಯಿ ಮುಚ್ಚಿಸಿದ್ದರು. ಅದು ಅವಳ ಮೇಲೆ ಅವರ ದೊಡ್ಡ ಉಪಕಾರ. ಹೊರಗೆ ಮಳೆ, ಒಳಗೆ ಮೂವತ್ತು ಜನ, ಎಲೆಯಡಿಕೆಯ ತಟ್ಟೆ, ಅವಳು ಪದ್ಯ ಮುಗಿಸಿ ಸ್ವರ ತಗ್ಗಿಸಿದೊಡನೆ ಮಾವ ಕಣ್ಣು ಮುಚ್ಚಿ, “ಅಂದರೆ ಏನು ಮಹನೀಯರೇ...” ಎಂದು ತೊಡಗುವರು. ಆಗ ಅವಳಿಗೆ ಕೆಲಸವಿಲ್ಲ. ಪುಸ್ತಕದ ಮೇಲೆ ಕೈಯಿಟ್ಟು ಕೇಳುವುದು. ಅವರ ಅರ್ಥಕ್ಕೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಅವಳೂ ಒರೆಸಿಕೊಂಡಿದ್ದಾಳೆ. ಆದರೆ ಕೆಲವೆಡೆ, ಪದ್ಯ ಬಾಯಿಯಲ್ಲಿ ಇನ್ನೂ ಬಿಸಿಯಾಗಿರುವಾಗ, ಇದು ಹೀಗಲ್ಲ ಎಂದು ಏನೋ ಒಂದು ಒಳಗೆ ಮಗ್ಗುಲು ಬದಲಿಸಿದ ಹಾಗೆ ಆಗುತ್ತಿತ್ತು. ದೇವರ ಪುಸ್ತಕದ ಎದುರು ಕೂತು ಹಾಗೆ ಯೋಚಿಸಿದ್ದಕ್ಕೆ ಅವಳು ರಾತ್ರಿ ಮಲಗುವ ಮೊದಲು ಕೆನ್ನೆ ಮುಟ್ಟಿಕೊಂಡು ತಪ್ಪು ಬೇಡುತ್ತಿದ್ದಳು.

ಟ್ರೈನಿಂಗಿಗೆಂದು ಅವಳು ಮಂಗಳೂರಿನಲ್ಲಿದ್ದ ಎರಡು ವರ್ಷ ಮಾವ ಪುಸ್ತಕ ಬಿಚ್ಚಲಿಲ್ಲ. ಬೇರೆಯವರಿಂದ ಓದಿಸಲೂ ಇಲ್ಲ. ಇನ್ನು ಮೂಡುಬಿದಿರೆಯಲ್ಲಿ ಕೆಲಸವೆಂದರೆ ಆಟಿಯೆಲ್ಲ ಶಾಲೆಯಲ್ಲೇ. ಇದು ಅವರಿಗೆ ಗೊತ್ತು, ಅವಳಿಗೂ ಗೊತ್ತು, ಒಂದು ತಿಂಗಳಿನಿಂದ ಇಬ್ಬರೂ ಹೇಳಿಲ್ಲ. ಇಂದು ಬೆಳಿಗ್ಗೆ ಮಾವ ಸ್ನಾನ, ಪೂಜೆ ಎಂದು ಎಷ್ಟು ಹೊತ್ತು ಮಾಡಿದರೆಂದರೆ ಮೊದಲ ಬಸ್ಸು ತಪ್ಪಿತು. ದೇವರ ಕೋಣೆಯ ಬಾಗಿಲಲ್ಲಿ ನಿಂತು ಅವರ ಬಾಗಿದ ಬೆನ್ನು ನೋಡುತ್ತಿದ್ದಾಗ ಜಲಜಾಕ್ಷಿಗೆ, ಇವರು ಬೇಕೆಂದೇ ತಡಮಾಡುತ್ತಿದ್ದಾರೆ ಅನಿಸಿತ್ತು. ಆಮೇಲೆ ಅವರು ಎದ್ದು ಬಂದು, “ಹೂವಿನ ಪೂಜೆಯ ಹರಕೆ ಹೇಳಿಕೊಂಡಿದ್ದೇನೆ ನಿನ್ನ ಹೆಸರಿನಲ್ಲಿ,” ಎಂದು ಅವಳ ಕೈಗೆ ತುಳಸಿ ಕೊಟ್ಟರು. ಈಗ ಸಿದ್ದಕಟ್ಟೆಯ ಏರಿನಲ್ಲಿ ಬಸ್ಸು ಏದುಸಿರು ಬಿಡುವಾಗ ಆ ಬಾಡಿದ ದಳಗಳು ಬೆವರಿದ ಅಂಗೈಯಲ್ಲಿ ಕಪ್ಪಗಾಗಿದ್ದವು. ಹಾಗೆ ಅನಿಸಿದ್ದಕ್ಕೆ ಅವಳಿಗೆ ಈಗ ಅಸಹ್ಯವಾಯಿತು. ಅನಿಸಿದ್ದು ಸುಳ್ಳು ಎಂದು ಮಾತ್ರ ಅನಿಸಲಿಲ್ಲ.

ಶಾಲೆ ಬಸದಿಗಳ ಬೀದಿಯಿಂದ ಸ್ವಲ್ಪ ಆಚೆ. ಜಗಲಿಯಲ್ಲಿ ಉದ್ದದ ಬೆಂಚು, ಅದರಲ್ಲಿ ಒಬ್ಬಳು ಹುಡುಗಿ, ಕಾಲ ಮೇಲೆ ಕೊಡೆ ಇಟ್ಟುಕೊಂಡು. ಹೆಸರು ಪ್ರಫುಲ್ಲಾ, ಕಾರ್ಕಳದಿಂದ ಬಂದವಳು. “ನನ್ನದು ಮುಗಿಯಿತು. ಸರ್ಟಿಫಿಕೇಟು ವಾಪಸ್ ಕೊಡಲಿಕ್ಕೆ ಉಂಟಂತೆ, ಕಾಯ್ತಾ ಇದ್ದೇನೆ,” ಎಂದಳು. ಮಾವನನ್ನು ನೋಡಿ, ಮಾವನ ಕಂಕುಳಲ್ಲಿದ್ದ ಕೆಂಪು ಬಟ್ಟೆಯ ಗಂಟು ನೋಡಿ, “ನಿಮ್ಮ ಒಟ್ಟಿಗೆ ಬಂದದ್ದಾ?” ಎಂದಳು. ಗಂಟಿನಲ್ಲಿದ್ದದ್ದು ಪುರಾಣದ ಪುಸ್ತಕ, ಮಾವ ಶುಭಕ್ಕೆಂದು ತಂದಿದ್ದರು. “ಹೌದು, ಅವರಿಗೆ ಇಲ್ಲಿ ಬೇರೆ ಕೆಲಸ ಉಂಟು,” ಎಂದಳು ಜಲಜಾಕ್ಷಿ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು. ಮಾವನಿಗೆ ಕೇಳಿತೋ ಇಲ್ಲವೋ. ಅವರು ಬೆಂಚಿನ ಇನ್ನೊಂದು ತುದಿಗೆ, ತೆರೆದ ಕಿಟಕಿಯ ಕೆಳಗೆ, ಕೂತು ಶಾಲು ಸರಿಮಾಡಿಕೊಂಡರು.

ಕರೆ ಬಂತು. ಒಳಗೆ ಇಬ್ಬರು. ಹಣೆಯಲ್ಲಿ ಗಂಧವಿದ್ದ ವಯಸ್ಸಾದ ಮ್ಯಾನೇಜರು, ಮಾತಾಡದಿದ್ದಾಗಲೂ ಮಾತಾಡಿದಂತೆ ತುಟಿ ಅಲ್ಲಾಡಿಸುವವರು. ಮತ್ತೆ ಹೆಡ್ಮಾಸ್ತರು, ತೆಳ್ಳಗೆ, ಬಿಗಿಯಾಗಿ. ಕುರ್ಚಿ ತೋರಿಸಿದರು. ಅವಳು ಕೂತಾಗ ಚಪ್ಪಲಿ ಒಂದು ಕಳಚಿ ಬದಿಗೆ ಬಿತ್ತು. ಇಂಟರ್‌ವ್ಯೂ ಮುಗಿಯುವವರೆಗೆ ಒಂದು ಕಾಲು ಬರಿಯ ನೆಲದ ಮೇಲೆ, ಒಂದು ಚಪ್ಪಲಿಯಲ್ಲಿ. ನೆಲ ತಂಪಾಗಿತ್ತು. ಜಿಲ್ಲೆಗಳನ್ನು ಕೇಳಿದರು. ಅವಳ ಬೆರಳು ಸೀರೆಯ ನೆರಿಗೆಯೊಳಗೆ ತಾಳ ಹಾಕಿತು, ತಾಳದೊಡನೆ ಹತ್ತೊಂಬತ್ತೂ ಬಂದವು, ಕೊನೆಯಲ್ಲಿ ಸ್ವರ ಇಳಿಯುವುದನ್ನು ಕಷ್ಟದಿಂದ ತಡೆದಳು. “ಹಾಡಿದ ಹಾಗೆ ಹೇಳ್ತೀರಿ,” ಎಂದರು ಹೆಡ್ಮಾಸ್ತರು. ಅದು ಹೊಗಳಿಕೆಯಾಗಿರಲಿಲ್ಲ. “ಪದ್ಯ ಬರ್ತದಾ? ಬಾಯಿಗೆ ಬರುವುದು ಒಂದು ಓದಿ. ಮತ್ತೆ ಅರ್ಥ. ಎದುರಿಗೆ ಮಕ್ಕಳು ಇದ್ದಾರೆ ಅಂತ ಎಣಿಸಿ.”

ಬಾಯಿಗೆ ಬಂದದ್ದು ಯುದ್ಧಕ್ಕೆ ಹೊರಟ ಮಗನ ಪದ್ಯ. ಅದನ್ನು ಅವಳು ಆರಿಸಲಿಲ್ಲ. ಮಗ ಹೊಸ್ತಿಲಲ್ಲಿ ತಾಯಿಯ ಕಾಲಿಗೆ ಬೀಳುತ್ತಾನೆ; ತಾಯಿ ಆರತಿ ಎತ್ತುತ್ತಾಳೆ, ಹಣೆಗೆ ತಿಲಕ ಇಡುತ್ತಾಳೆ, ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ. ಎರಡನೆಯ ಸಾಲಿಗೆ ಸ್ವರಕ್ಕೆ ನೆಲೆ ಸಿಕ್ಕಿತು. ಆಮೇಲೆ ಆ ಕೋಣೆ, ಕರಿಹಲಗೆ, ಮೇಜಿನ ಮೇಲಿನ ಅರ್ಜಿಗಳು ಯಾವುದೂ ಇಲ್ಲದೆ, ಹನ್ನೊಂದು ಆಟಿ ತಿಂಗಳುಗಳ ದೀಪದ ಬೆಳಕೇ ಉಳಿದಂತಾಗಿ, ಅವಳು ನೆಮ್ಮದಿಯಿಂದ ಕೊನೆಯ ಸಾಲಿಗೆ ಬಂದಳು. ಅದನ್ನು ಮತ್ತೊಮ್ಮೆ ಸ್ವರ ತಗ್ಗಿಸಿ ಹೇಳಿದಳು. ನಿಲ್ಲಿಸಿದಳು. ಕೈಗಳನ್ನು ತೊಡೆಯ ಮೇಲಿಟ್ಟು, ತಲೆ ತುಸು ಬಾಗಿಸಿ, ಕಾದಳು.

“ಅಂದರೆ ಏನು ಮಹನೀಯರೇ,” ಎಂದಿತು ಕಿಟಕಿಯ ಆಚೆಯಿಂದ ದೊಡ್ಡ ಸ್ವರ. “ಆ ತಾಯಿ ಮಾತಾಡಲಿಲ್ಲ. ಯಾಕೆ ಮಾತಾಡಲಿಲ್ಲ? ವೀರನ ತಾಯಿ ಅವಳು! ಅವಳ ಮೌನವೇ ಅಪ್ಪಣೆ, ಮೌನವೇ ಆಶೀರ್ವಾದ...”

ಹೆಡ್ಮಾಸ್ತರು ಬೆಚ್ಚಿ ಎದ್ದೇ ನಿಂತರು. ಜಗಲಿಯಲ್ಲಿ ಪ್ರಫುಲ್ಲಾ ನಗು ತಡೆಯಲಾರದೆ ಕೆಮ್ಮಿದ್ದು ಕೇಳಿತು. ಜಲಜಾಕ್ಷಿಗೆ ಏನಾಯಿತೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಏಕೆಂದರೆ ಅದರಲ್ಲಿ ಹೊಸದೇನೂ ಇರಲಿಲ್ಲ, ಪದ್ಯ ಮುಗಿದ ಮೇಲೆ ಬರುವ ಸ್ವರ ಬಂದಿತ್ತು, ಅಷ್ಟೇ. ಆಮೇಲೆ ಕಿವಿಯಿಂದ ಕುತ್ತಿಗೆಯವರೆಗೆ ಬೆಂಕಿ ಇಳಿಯಿತು.

“ಯಾರದು ಹೊರಗೆ?”

“ನನ್ನ... ಮಾವ.”

“ಅರ್ಜಿ ಹಾಕಿದ್ದು ನೀವಾ, ಅವರಾ?” ಹೆಡ್ಮಾಸ್ತರು ಕಿಟಕಿ ಮುಚ್ಚಲು ಹೊರಟರು. ಮ್ಯಾನೇಜರು ಕೈ ಎತ್ತಿ ತಡೆದರು. ಅವರ ತುಟಿಗಳು ಅಲ್ಲಾಡುವುದು ನಿಂತಿತ್ತು. “ಇರಲಿ, ಇರಲಿ. ಹೇಳಲಿ ಅವರು. ಚಂದ ಹೇಳ್ತಾರೆ,” ಎಂದರು. ಮಾವ ಹೇಳಿದರು. ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಿರಬೇಕು. ತಾವು ಎಲ್ಲಿದ್ದೇವೆ ಎಂಬುದು ಅವರಿಗೂ ಮರೆತುಹೋಗಿತ್ತು. ಮಂಗಳದ ಮಾತಿನವರೆಗೆ ಬಂದು, ಥಟ್ಟನೆ ಎಚ್ಚರವಾದವರಂತೆ, ನಡುವಿನ ಒಂದು ಪದದಲ್ಲಿ ನಿಲ್ಲಿಸಿಬಿಟ್ಟರು. ಬೆಂಚು ಕಿರ್ರೆಂದಿತು.

“ಅವರು ಹೇಳಿದ್ದು ಆಯಿತು,” ಎಂದು ಹೆಡ್ಮಾಸ್ತರು ಕೂತರು. “ಕ್ಲಾಸಿಗೆ ಅವರು ಬರುವುದಿಲ್ಲ. ನೀವು ಹೇಳುವುದೇನಾದರೂ ಉಂಟಾ?”

ಕೇಳಿದ ದನಿಯಲ್ಲಿ ಉಂಟೆಂಬ ನಿರೀಕ್ಷೆ ಇರಲಿಲ್ಲ. ಮಾವ ಹೇಳಿದ್ದನ್ನೇ ಸಣ್ಣ ಮಾತಿನಲ್ಲಿ ತಿರುಗಿ ಹೇಳಿದರೆ ಮ್ಯಾನೇಜರು ಮೆಚ್ಚುತ್ತಾರೆ, ಮಾವನ ಮರ್ಯಾದೆ ಉಳಿಯುತ್ತದೆ. ಬಹುಶಃ ಕೆಲಸ ಸಿಗುವುದಿಲ್ಲ, ಆದರೆ ಯಾರಿಗೂ ನೋವಾಗುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ ಹಿಡಿದ ಆ ಕೈ ಕಣ್ಣಿಗೆ ಬಂತು. ಕಿಟಕಿ ತೆರೆದೇ ಇತ್ತು. ಅದರ ಕೆಳಗೆ ಕೂತವರು, ಈಗ ಮೊದಲ ಬಾರಿಗೆ, ಅವಳ ಮಾತಿಗೆ ಕಿವಿ ಕೊಟ್ಟು ಕೂತಿದ್ದಾರೆ. ಆ ಕಿವಿ ಬೆನ್ನಿಗೆ ತಾಗಿದಷ್ಟು ಹತ್ತಿರವಾಗಿ ಅವಳಿಗೆ ಗೊತ್ತಾಗುತ್ತಿತ್ತು. ದೇವರೇ, ಎಂದುಕೊಂಡಳು.

“ಉಂಟು,” ಎಂದಳು. “ಆ ತಾಯಿ ಧೈರ್ಯದಿಂದ ಸುಮ್ಮನಿದ್ದದ್ದಲ್ಲ, ಸರ್. ಅವಳು ಬಾಯಿ ಬಿಟ್ಟರೆ ಹೋಗಬೇಡ ಅನ್ನುವ ಮಾತೇ ಬರ್ತಿತ್ತು. ಅದು ಗೊತ್ತಿದ್ದು ಬಾಯಿ ಮುಚ್ಚಿಕೊಂಡಳು. ಮಗನಿಗೆ ಅದು ಗೊತ್ತಾಗಲಿಲ್ಲ. ತಾಯಿ ಒಪ್ಪಿದ್ದಾಳೆ ಅಂತ ಎಣಿಸಿಕೊಂಡು ಹೋದ. ಅದಕ್ಕೇ ಒಳಗೆ ಹೋದಳು ಅಂತ ಪದ್ಯದಲ್ಲಿ ಉಂಟು. ನಿಂತು ನೋಡಲಿಲ್ಲ.” ಉಸಿರು ತೆಗೆದುಕೊಂಡಳು. “ಮಕ್ಕಳಿಗೆ ನಾನು ಹೀಗೆ ಕೇಳ್ತೇನೆ: ನೀವು ಬೆಳಿಗ್ಗೆ ಶಾಲೆಗೆ ಹೊರಡುವಾಗ ಮನೆಯಲ್ಲಿ ಯಾರು ಏನು ಹೇಳಲಿಲ್ಲ? ಹೇಳಿದ್ದನ್ನು ಎಲ್ಲರೂ ಬರೀತಾರೆ. ಹೇಳದ್ದನ್ನು ಬರೆಯಲಿ.”

ಹೆಡ್ಮಾಸ್ತರು ಪೆನ್ಸಿಲು ಕೆಳಗಿಟ್ಟರು.

“ಹಾಗಾದರೆ ನಿಮ್ಮ ಮಾವ ಹೇಳಿದ್ದು ತಪ್ಪು ಅಂತಲಾ?” ಮ್ಯಾನೇಜರು ಕೇಳಿದರು. ಅವರಿಗೆ ಸ್ವಲ್ಪ ಬೇಸರವಾದಂತಿತ್ತು.

ಇಲ್ಲ ಎನ್ನಬಹುದಿತ್ತು. ಎಷ್ಟು ಸುಲಭವಿತ್ತು. “ನನಗೆ ಹಾಗೆ ಕಾಣುವುದಿಲ್ಲ,” ಎಂದಳು ಜಲಜಾಕ್ಷಿ. ಯಾವುದು ಹಾಗೆ ಕಾಣುವುದಿಲ್ಲವೆಂದು ಅವಳು ಬಿಡಿಸಲಿಲ್ಲ, ಅವರೂ ಕೇಳಲಿಲ್ಲ. ತಾನು ಆಗ ಮಾಡಿದ್ದು ಮರ್ಯಾದೆಯೋ ಹೇಡಿತನವೋ ಎಂದು ಬಹಳ ದಿನ ಅವಳಿಗೆ ತೀರ್ಮಾನವಾಗಲಿಲ್ಲ.

ಹೊರಗೆ ಕಳಿಸಿ ಹತ್ತು ನಿಮಿಷ ಕಾಯಿಸಿದರು. ಪ್ರಫುಲ್ಲಾ ಆಗಲೇ ಸರ್ಟಿಫಿಕೇಟು ತೆಗೆದುಕೊಂಡು ಹೋಗಿದ್ದಳು. ಮಾವ ಬೆಂಚಿನ ಆ ತುದಿಯಲ್ಲೇ ಕೂತು ಎದುರಿನ ಮಾವಿನಮರ ನೋಡುತ್ತಿದ್ದರು, ಕಣ್ಣು ಮಂಜಾದವರು ಅಷ್ಟು ದೂರದಲ್ಲಿ ಏನು ಕಾಣುತ್ತಾರೋ. ಅವಳು ಬೆಂಚಿನ ಈ ತುದಿಯಲ್ಲಿ ಕೂತಳು. ಇಬ್ಬರ ನಡುವೆ ಮೂರು ಜನ ಕೂರುವಷ್ಟು ಜಾಗವಿತ್ತು. ಹೆಡ್ಮಾಸ್ತರು ಬಾಗಿಲಿಗೆ ಬಂದು, “ಜೂನ್ ಮೂರಕ್ಕೆ ಶಾಲೆ ಶುರು. ಬಂದು ಸೇರಬಹುದಾ?” ಎಂದರು. ಅವಳು ಮಾವನತ್ತ ನೋಡದೆ, “ಸೇರ್ತೇನೆ,” ಎಂದಳು. ಆಮೇಲೆ ನೋಡಬೇಕಿತ್ತು ಅನಿಸಿ ನೋಡಿದಾಗ ಮಾವ ಎರಡೂ ಕೈ ಎತ್ತಿ ಹೆಡ್ಮಾಸ್ತರಿಗೆ ನಮಸ್ಕಾರ ಮಾಡುತ್ತಿದ್ದರು.

ಆ ಬಳಿಕ ಮಾವ ಮಾತು ನಿಲ್ಲಿಸಲಿಲ್ಲ. ಬಸದಿಯ ಬೀದಿಯ ಹೋಟೆಲಿನಲ್ಲಿ ಎರಡು ಪ್ಲೇಟು ಗೋಳಿಬಜೆ ತರಿಸಿ, ತಂದವನಿಗೆ, ಗಲ್ಲೆಯಲ್ಲಿ ಕೂತವನಿಗೆ, ಪಕ್ಕದ ಮೇಜಿನವನಿಗೆ ಸುದ್ದಿ ಹೇಳಿದರು. “ತಿನ್ನು ಮಗಾ, ಬಿಸಿ ಉಂಟು,” ಎಂದು ತಮ್ಮ ತಟ್ಟೆಯಿಂದ ಅವಳ ತಟ್ಟೆಗೆ ಎರಡು ಹಾಕಿದರು. ನೋವಾಗಿದ್ದರೆ ಹೀಗೆ ಹಾಕುತ್ತಿದ್ದರೇ? ಕೇಳಿಸಲೇ ಇಲ್ಲವೇ ಇವರಿಗೆ? ಕೇಳಿಸಲಿಲ್ಲವೆಂದಾದರೆ ಎಷ್ಟು ಒಳ್ಳೆಯದು ಎಂದು ಒಂದು ಮನಸ್ಸು. ಹಾಗಾದರೆ ತಾನು ಹೇಳಿದ್ದು ಇನ್ನೂ ಹೇಳದ ಹಾಗೇ ಅಲ್ಲವೇ ಎಂದು ಇನ್ನೊಂದು. ಗೋಳಿಬಜೆಯ ಒಳಗಿನ ಬಿಸಿಗೆ ನಾಲಗೆ ಸುಟ್ಟಿತು.

ಮಧ್ಯಾಹ್ನದ ಬಸ್ಸು ಖಾಲಿ ಇತ್ತು. ಮಾವ ಅವಳ ಪಕ್ಕದಲ್ಲೇ ಕೂತರು. ಸಿದ್ದಕಟ್ಟೆಯಲ್ಲಿ ಪಾಣೆಮಂಗಳೂರಿನ ಯಾಕೂಬ್ ಬ್ಯಾರಿ ಹತ್ತಿ ಎದುರಿನ ಸೀಟು ಹಿಡಿದು, ಒಣಮೀನಿನ ಖಾಲಿ ಬುಟ್ಟಿಗಳನ್ನು ಕಾಲ ನಡುವೆ ಇಟ್ಟುಕೊಂಡ. ಹಳೆಯ ಪರಿಚಯ. “ಏನು ಶೆಟ್ರೇ, ದಿಬ್ಬಣ ಎಲ್ಲಿಂದ?”

“ದಿಬ್ಬಣ ಅಲ್ಲ ಮಾರಾಯ, ಕೆಲಸ! ಇವಳಿಗೆ ಕೆಲಸ ಆಯಿತು, ಟೀಚರು. ಹೇಗೆ ಆದದ್ದು ಗೊತ್ತುಂಟಾ ನಿನಗೆ? ಪದ್ಯ ಓದು ಅಂದರು. ಇವಳು ಓದಿದಳು. ಅರ್ಥ ಯಾರು ಹೇಳುವುದು? ನಾನು ಕೂತಲ್ಲಿಂದಲೇ ಹೇಳಿದೆ, ಕಿಟಕಿಯ ಹೊರಗಿನಿಂದ. ಆ ಮ್ಯಾನೇಜರು ತಲೆದೂಗಿದ್ದೇ ತಲೆದೂಗಿದ್ದು. ಕೆಲಸ ಕೊಡದೆ ಮತ್ತೆ ಏನು ಮಾಡ್ತಾರೆ?”

“ಹಾಗಾದರೆ ಜೂನಿನಿಂದ ಶಾಲೆಗೆ ಇಬ್ಬರೂ ಹೋಗುದಾ? ನೀವು ಕಿಟಕಿಯಲ್ಲಿ?” ಎಂದು ಯಾಕೂಬ್ ನಕ್ಕ. ಮಾವ ಅವನಿಗಿಂತ ಜೋರಾಗಿ ನಕ್ಕರು. ಆ ನಗುವಿನಲ್ಲಿ ಒಂದು ಬೇಡಿಕೆಯಿತ್ತು. ನಿನಗೂ ನನಗೂ ಇದು ಹೀಗೇ ಇರಲಿ ಎಂಬಂತೆ ಅವರ ಮೊಣಕೈ ಅವಳ ತೋಳಿಗೆ ತಾಗಿತು. ಸುಮ್ಮನಿರಬಹುದು. ಬೆಳಿಗ್ಗೆಯಿಂದ, ಅಲ್ಲ, ಹುಟ್ಟಿದಂದಿನಿಂದ ಸುಮ್ಮನಿದ್ದವಳಿಗೆ ಇನ್ನೊಂದು ಗಂಟೆ ಏನು ಕಷ್ಟ? ಊರಿಗೆಲ್ಲ ಈ ಕಥೆ ಹೀಗೇ ಹೋಗುತ್ತದೆ, ಚಾವಡಿಯಲ್ಲಿ ಹೀಗೇ ನಿಲ್ಲುತ್ತದೆ, ಕೊನೆಗೆ ತಾನೂ ಹೀಗೇ ನಂಬುತ್ತೇನೆ ಎಂದು ಅವಳಿಗೆ ಕಂಡಿತು. ಸ್ಪಷ್ಟವಾಗಿ ಕಂಡಿತು.

“ಅರ್ಥ ನಾನು ಹೇಳಿದ್ದು, ಮಾವ,” ಎಂದಳು.

ಯಾಕೂಬ್ ಇಬ್ಬರ ಮುಖವನ್ನೂ ನೋಡಿ, ಬಗ್ಗಿ, ಬುಟ್ಟಿಗಳ ಬಿಚ್ಚಿಯೇ ಇರದ ಹಗ್ಗವನ್ನು ಮತ್ತೆ ಕಟ್ಟತೊಡಗಿದ.

ಮಾವನ ನಗು ಮುಖದಲ್ಲೇ ಸ್ವಲ್ಪ ಹೊತ್ತು ಉಳಿಯಿತು, ಯಜಮಾನ ಇಲ್ಲದ ಮನೆಯ ಹಾಗೆ. ಆಮೇಲೆ ಅದೂ ಹೋಯಿತು. “ಹೌದು,” ಎಂದರು. “ಕೇಳಿತು ನನಗೆ. ಕಿಟಕಿ ತೆರೆದಿತ್ತಲ್ಲ.”

ಎರಡು ತಿರುವು ಕಳೆದವು. ಧೂಳು ಒಳಗೆ ಬಂದು ಕೂತಿತು. ಅವಳಿಗೆ ಕ್ಷಮೆ ಕೇಳಬೇಕೆನಿಸಿತು. ಯಾವುದಕ್ಕೆ ಎಂದು ತಿಳಿಯಲಿಲ್ಲ. ಮಾವ ಮುಖವನ್ನು ಹೊರಗೆ ಮಾಡಿಯೇ, ಅವಳು ಇದುವರೆಗೆ ಕೇಳಿರದ ಸಣ್ಣ ಸ್ವರದಲ್ಲಿ, “ಹನ್ನೊಂದು ಆಟಿ ಪಕ್ಕದಲ್ಲೇ ಕೂತಿದ್ದಿ. ಒಂದು ದಿನ ಹೇಳಬಹುದಿತ್ತು,” ಎಂದರು.

“ನೀವು ಕೇಳಲಿಲ್ಲ, ಮಾವ.”

“ಇಲ್ಲ,” ಎಂದರು. “ಕೇಳಬೇಕು ಅಂತ ಹೊಳೆಯಲಿಲ್ಲ ನನಗೆ.” ಶಾಲಿನ ತುದಿಯಿಂದ ಮುಖದ ಧೂಳು ಒರೆಸಿಕೊಂಡರು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಬಸ್ಸು ಬಂಟ್ವಾಳದ ಇಳಿಜಾರಿಗೆ ಬಂದಾಗ ಮತ್ತೆ ಕೇಳಿದರು: “ಬೇರೆ ಎಲ್ಲೆಲ್ಲಿ ಉಂಟು ಹಾಗೆ? ನಾನು ಹೇಳುವುದು ಒಂದು, ನಿನಗೆ ಕಾಣುವುದು ಒಂದು?”

ಅವಳು ಅವರನ್ನು ನೋಡಿದಳು. ಅವರು ತಮಾಷೆ ಮಾಡುತ್ತಿರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ. ಕಿವಿಯನ್ನು ತುಸು ಅವಳ ಕಡೆಗೆ ಬಾಗಿಸಿ, ಕಣ್ಣು ತೆರೆದು, ಕಾಯುತ್ತಿದ್ದರು.

“ತುಂಬ ಕಡೆ ಉಂಟು,” ಎಂದಳು.

“ಹೇಳು. ಜೂನ್ ಮೂರಕ್ಕೆ ಇನ್ನು ಹದಿನೆಂಟು ದಿನ ಇರುವುದು.”

ಜಲಜಾಕ್ಷಿಗೆ ಒಂದು ಪದ್ಯ ಹೊಳೆಯಿತು, ಅದರ ಬೆನ್ನಿಗೆ ಇನ್ನೊಂದು. ಅವಳು ಹೇಳತೊಡಗಿದಳು. ಎಂಜಿನ್ನಿನ ಸದ್ದಿನಲ್ಲಿ ಮೊದಲ ಮಾತುಗಳು ಮಾವನಿಗೆ ಕೇಳಲಿಲ್ಲ. ಅವರು ಏನು ಎಂಬಂತೆ ಹುಬ್ಬೇರಿಸಿದರು. ಅವಳು ಸ್ವರ ಎತ್ತಿ ಮೊದಲಿನಿಂದ ಹೇಳಿದಳು.